ಕೊನೆಯ ಸರದಿಯ ಚಿಪ್ಪು

ನನ್ನ ಮೀಸೆಯಾಣೆ ಮಕ್ಕಳೇ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ವಿಯೆಟ್ನಾಮಿನ ಒಂದು ಕೆರೆಗೆ ನಾನೇ ಬಾತುಕೋಳಿಯ ಬೆನ್ನೇರಿ ಹೋಗಿದ್ದೆ. ದಾರಿಯಲ್ಲಿ ಮೋಡವೊಂದು ಅಡ್ಡ ಬಂತು, ಗದರಿಸಿದೆ, ಸರಿದುಕೊಂಡಿತು.

ಕೆರೆಯ ಸುತ್ತ ಭತ್ತದ ಗದ್ದೆ. ಬದುವಿನ ಬಿಲದಲ್ಲಿ ಥಾಮ್ ಎಂಬ ಇಲಿ, ಅವಳ ಒಬ್ಬನೇ ಮರಿ ಬೊಂಗ್. ಪಕ್ಕದ ಜೊಂಡಿನಲ್ಲಿ ಬಾತುಕೋಳಿ ಬಾಯ್ ಅಕ್ಕ. ಬಾಯ್ ಅಂದರೆ ಅವರ ಮಾತಿನಲ್ಲಿ ಏಳು. ಆ ಕಡೆ ಹುಟ್ಟಿದ ಸರದಿ ಹಿಡಿದೇ ಕರೆಯುತ್ತಾರೆ.

ಕೆರೆಯವರೆಲ್ಲ ಸೇರಿ ಒಂದು ಚೀಟಿ ನಡೆಸುತ್ತಿದ್ದರು. ಅಮಾವಾಸ್ಯೆಗೊಮ್ಮೆ ಮನೆಗೊಂದು ಹಿಡಿ ಭತ್ತ ತಂದು ತೆಂಗಿನ ಚಿಪ್ಪಿಗೆ ಸುರಿಯುವುದು. ಕಷ್ಟ ಬಂದವರು ಬಾಯಿಬಿಟ್ಟು ಕೇಳಿದರೆ ಇಡೀ ಚಿಪ್ಪು ಅವರದು. ಬೇಗ ಎತ್ತಿದವರು ಒಂದಿಷ್ಟು ಕಾಳು ಬಿಟ್ಟುಕೊಡಬೇಕು. ಆ ಕಾಳೆಲ್ಲ ಸೇರಿ ಕೊನೆಗೆ ಎತ್ತುವವರಿಗೆ ಚಿಪ್ಪು ತುಂಬಿ ತುಳುಕುತ್ತದೆ.

ಥಾಮಳಿಗೆ ಆ ಕೊನೆಯ ಸರದಿಯೇ ಬೇಕು. ಹೊಸ ವರ್ಷದ ಹಬ್ಬಕ್ಕೆ ತುಂಬಿದ ಚಿಪ್ಪನ್ನು ನಾಲ್ಕು ಜನ ನೋಡುವಂತೆ ಹೊತ್ತು ಹೋಗಬೇಕು ಅಂತ ಅವಳ ಆಸೆ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಬೊಂಗನ ಮೈ ಕೆಂಡದಂತೆ ಸುಡುತ್ತಿತ್ತು. ಥಾಮ್ ಅವನಿಗೆ ಹುಲ್ಲು ಹೊದಿಸಿ ಚೀಟಿಗೆ ಬಂದಳು.

"ಯಾರಿಗಾದರೂ ಅಗತ್ಯ ಇದೆಯಾ?" ಬಾಯ್ ಅಕ್ಕ ಕೇಳಿದಳು. "ಥಾಮ್, ಮುಖ ಬಾಡಿದೆಯಲ್ಲೇ. ಮರಿ ಹುಷಾರಾಗಿದ್ದಾನಾ?"

"ಅವನಿಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದಾನೆ!" ಥಾಮ್ ಮೀಸೆ ತೀಡಿದಳು. "ಕೈಚಾಚುವ ಮನೆತನ ನಮ್ಮದಲ್ಲ, ಅಕ್ಕಾ."

"ಹಾಗಾದರೆ ನನಗೇ ಕೊಡಿ," ಗುಬ್ಬಿಯಣ್ಣ ಚಂಗನೆ ಮುಂದೆ ಬಂದ. "ಹಬ್ಬದೊಳಗೆ ಗೂಡು ಹೊಸದು ಮಾಡಿಸಬೇಕು." ಚಿಪ್ಪು ಎತ್ತಿಕೊಂಡು ಹೊರಟೇಬಿಟ್ಟ.

ಮಧ್ಯಾಹ್ನ ಮರಿಗೆ ನಡುಕ ಹತ್ತಿತು. ಥಾಮ್ ನೀರುಕೋಳಿ ವೈದ್ಯನ ಬಳಿ ಓಡಿದಳು.

"ಬೇರು ಇದೆ. ಚಿಪ್ಪು ತುಂಬ ಭತ್ತ ಇಟ್ಟು ತಗೊಂಡು ಹೋಗು."

"ನಾಳೆ ತಂದುಕೊಡ್ತೀನಿ, ಸ್ವಾಮಿ."

"ನಾಳೆ ಅಂದವರ ದಾರಿ ಕಾದು ಕಾದು ನನ್ನ ಕತ್ತು ಉದ್ದವಾಗಿದೆ, ತಾಯಿ."

ಗುಬ್ಬಿಯ ಗೂಡಿಗೆ ಓಡಿದಳು. ಭತ್ತವೆಲ್ಲ ಆಗಲೇ ಗೀಜಗದ ಕೂಲಿಗೆ ಹೋಗಿತ್ತು. ಕೊನೆಗೆ ಜೊಂಡಿಗೆ ಬಂದು ಬಾಯ್ ಅಕ್ಕನ ಮುಂದೆ ಬಾಯಿಬಿಟ್ಟಳು.

"ಬೆಳಿಗ್ಗೆ ಕೇಳಿದಾಗ ನಾಲಗೆ ಬಿದ್ದುಹೋಗಿತ್ತೇನೇ ನಿನಗೆ!" ಬೈಯುತ್ತಲೇ ಬಾಯ್ ಅಕ್ಕ ಮನೆಮನೆಗೆ ಓಡಿದಳು. ಒಬ್ಬರೂ ಇಲ್ಲ ಅನ್ನಲಿಲ್ಲ. ಹಿಡಿ ಹಿಡಿ ಸೇರಿ ಚಿಪ್ಪು ತುಂಬಿ, ಬೇರು ಕೈಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮರಿಯ ಬಾಯಿಗೆ ರಸ ಹಿಂಡಿದರು. ಬೊಂಗ್ ಮೆಲ್ಲಗೆ ಕಣ್ಣು ಬಿಟ್ಟು, "ಅಮ್ಮಾ, ಗಂಜಿ" ಅಂದ.

ಹಬ್ಬ ಬಂತು. ತುಂಬಿ ತುಳುಕುವ ಚಿಪ್ಪು ಥಾಮಳ ಬಾಗಿಲಿಗೇ ಬಂತು. ಅವಳು ಅದನ್ನು ಒಳಗೆ ಒಯ್ಯಲೇ ಇಲ್ಲ.

ಯಾಕೆ ಅಂತೀರಾ? ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿ ಹೇಳಿದ್ದೆ, ಮಕ್ಕಳೇ. ಆ ಸಂಜೆ ಬೊಂಗ್ ಕಣ್ಣು ಬಿಡಲೇ ಇಲ್ಲ.

ನೀತಿ: ಕಷ್ಟಕ್ಕೆಂದು ಕೂಡಿಟ್ಟದ್ದನ್ನು ಕಷ್ಟ ಬಂದ ಗಳಿಗೆಯಲ್ಲೇ ಕೇಳಬೇಕು, ಬಿಂಕ ಬಿಟ್ಟು ಕೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ.