ಬಾಣಂತಿ ಈರಕ್ಕ ಹಿತ್ತಲಿಗೆ ಇಳಿದದ್ದು

ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ದ ಕಾಲಕ್ಕೂ ಹಿಂದೆ, ಒಂದೂರಲ್ಲಿ ಕೆಂಚಮ್ಮ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳಂತೆ. ಕಾಲು ಒದೀಬೇಡ ಪುಟ್ಟಿ, ಹೊದ್ಕೊಂಡು ಕೇಳು. ಅವಳಿಗೆ ಮೂರು ಜನ ಮಕ್ಕಳು. ದೊಡ್ಡೋನು ದ್ಯಾವಣ್ಣ, ನಡುವಿನೋನು ತಿಪ್ಪಣ್ಣ, ಕೊನೇಳು ಈರಕ್ಕ. ಈರಕ್ಕನ್ನ ಪಕ್ಕದೂರಿಗೆ ಕೊಟ್ಟಿದ್ರಂತೆ. ಅವಳ ಚೊಚ್ಚಲ ಮಗು ಜ್ವರ ಬಂದು ಹೋಗ್ಬಿಟ್ಟಿತ್ತಂತೆ. ಈಗ ಎರಡನೇದಕ್ಕೆ ತವರಿಗೆ ಬಂದು, ದುಂಡುದುಂಡಗಿರೋ ಹೆಣ್ಣುಮಗು ಹೆತ್ತು, ಹಿತ್ತಲ ಕಡೆ ಕೋಣೇಲಿ ಮಲಗಿದ್ದಳಂತೆ.

ಆ ವರ್ಷ ಬೇಡದ ಹೊತ್ತಲ್ಲಿ ಮಳೆ ಸುರೀತಂತೆ. ಹಿತ್ತಲ ತುಂಬ ಮಾರಕ್ಕೆ ಇಟ್ಟಿದ್ದ ಮಡಕೆ, ಬಾನಿ, ಒಡೆದ ಚೂರು, ಎಲ್ಲದರಲ್ಲೂ ನೀರು ನಿಂತ್ಕೊಂತಂತೆ. ನಿಂತ್ರೆ ನಿಂತ್ಕೊಳ್ಳಲಿ ಅಂತ ಯಾರೂ ತಿರುಗಿ ನೋಡ್ಲಿಲ್ಲ. ಆಮೇಲೆ ಸೊಳ್ಳೆ ಶುರುವಾಯ್ತು ನೋಡು. ಹೊತ್ತು ಇಳಿಯೋದೇ ತಡ, ಗುಂಯ್ ಅಂತ ಕೋಣೆಗೆ ನುಗ್ಗೋವು. ಮಗೂನ ಹಣೆ, ಕೆನ್ನೆ, ಪಾದ ಎಲ್ಲ ಕೆಂಪು ಕೆಂಪು ಗಂಧೆ. ಅಷ್ಟರಲ್ಲಿ ಎದುರು ಮನೆ ಕೂಸಿಗೆ ಚಳಿಜ್ವರ ಅಂತ ಸುದ್ದಿ ಬಂತಂತೆ. ಈರಕ್ಕ ನಿದ್ದೆ ಬಿಟ್ಟು ಸೆರಗಲ್ಲಿ ಗಾಳಿ ಬೀಸ್ತಾ ಕೂತ್ಲು. ಅಮ್ಮಾ, ಇದನ್ನೂ ಕಳ್ಕೊಂಡ್ರೆ ನಾನು ಬದುಕಲ್ಲ ಅಂತ ಅತ್ತಳಂತೆ.

ದ್ಯಾವಣ್ಣ ನಾನಿದೀನಿ ತಂಗಿ, ಅಳಬೇಡ ಅಂದ. ಹಸಿ ಬೇವಿನ ಸೊಪ್ಪು ತಂದು, ಕೆಂಡದ ಮೇಲೆ ಒಟ್ಟಿ, ಕೋಣೆ ಬಾಗಿಲಲ್ಲಿಟ್ಟು ಕಿಟಕಿ ಮುಚ್ಚಿದನಂತೆ. ಸೊಳ್ಳೇನೋ ಓಡಿದ್ವು. ಆದರೆ ಹೊಗೆ ಒಳಗೇ ಕಟ್ಕೊಂತು. ಮಗು ಕೆಮ್ಮಿತು, ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಹಾಕ್ಕೊಂತು, ತುಟಿ ನೀಲಿ ತಿರುಗ್ತು. ಈರಕ್ಕ ಕಿಟಕಿ ಒದ್ದು ತೆಗೆದು ಮಗೂನ ಗಾಳಿಗೆ ಹಿಡಿದಳಂತೆ. ಅದು ಕಿರ್ರ್ ಅಂತ ಅಳೋವರೆಗೂ ಮನೇಲಿ ಯಾರಿಗೂ ಉಸಿರಿರಲಿಲ್ಲ. ಹೊಗೆ ಹೋಯ್ತು, ಸೊಳ್ಳೆ ವಾಪಸ್ ಬಂತು.

ಆಮೇಲೆ ತಿಪ್ಪಣ್ಣ, ಹೊಗೆ ಗಿಗೆಯಿಂದ ಏನೂ ಆಗಲ್ಲ, ಸೊಳ್ಳೆ ಸಾಯೋ ಹಾಗೆ ಮಾಡ್ತೀನಿ ಅಂದನಂತೆ. ಬೀದೀಲಿ ಬರೋ ಅಲೆಮಾರಿ ಹತ್ರ ಯಾವುದೋ ವಿಷದ ಪುಡಿ ತಂದು, ಯಾರಿಗೂ ಹೇಳದೆ, ಕಂಡಕಂಡ ಮಡಕೆ ಬಾನಿಗೆಲ್ಲ ಉದುರಿಸಿ ಹೊಲದ ಕಡೆ ಹೋದ. ಮಧ್ಯಾಹ್ನ ಮನೆ ಮೇಕೆ ಬಂದು ಒಂದು ಮಡಕೇಲಿ ನೀರು ಕುಡೀತು. ಕುಡಿದು ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸ್ತು, ಬಾಯಲ್ಲಿ ನೊರೆ. ಈರಕ್ಕ ಕಿಟಕೀಲಿ ನೋಡಿದಳಂತೆ. ನೋಡಿದ್ದೇ ಬಚ್ಚಲ ಕಡೆ ತಿರುಗಿದಳು. ಯಾಕೆ ಹೇಳು? ಬಚ್ಚಲಲ್ಲಿ ಕೆಂಚಮ್ಮ ಮಗೂನ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕೋಕೆ ಚೊಂಬು ಎತ್ತಿದ್ದಳು!

ಅಮ್ಮಾ, ಆ ನೀರು ಎಲ್ಲಿಂದು?

ಇನ್ನೆಲ್ಲಿಂದು, ಬಾಗಿಲ ಬಾನೀದು, ಮಳೆ ನೀರು ಮೆತ್ತಗಿರುತ್ತೆ ಅಂತ ಕಾಯಿಸ್ದೆ.

ಹಾಕಬೇಡ! ಅಂತ ಕೂಗ್ತಾ ಓಡಿಬಂದು ಚೊಂಬಿಗೆ ಹೊಡೆದಳಂತೆ. ಚೊಂಬು ಗೋಡೆಗೆ ಬಡಿದು ನೀರು ಚೆಲ್ತು. ಒಂದು ಹನಿ ಕೂಡ ಮಗೂಗೆ ಬೀಳಲಿಲ್ಲ. ಹೊರಗೆ ಮೇಕೆ ಮಾತ್ರ ಏಳಲಿಲ್ಲ. ಸಂಜೆ ತಿಪ್ಪಣ್ಣ ಬಂದು ಅದನ್ನ ನೋಡಿ ಕುಸಿದು ಕೂತು, ಪುಡಿ ಹಾಕಿದ್ದು ನಾನೇ ಅಂದನಂತೆ, ಎದ್ದು ಆ ಮಡಕೆ ಬಾನಿಗೆಲ್ಲ ಮುಳ್ಳು ಮುಚ್ಚಿದ.

ಆವಾಗ ಈರಕ್ಕ, ಇನ್ನು ನಾನೇ ನೋಡ್ತೀನಿ ಅಂತ ಎದ್ದಳಂತೆ. ಬಾಣಂತಿ ಹಿತ್ತಲಿಗೆ ಇಳೀಬಾರದು, ಗಾಳಿ ಸೋಕುತ್ತೆ ಅಂತ ಕೆಂಚಮ್ಮ ಬಾಗಿಲಿಗೆ ಅಡ್ಡ ನಿಂತಳು. ನನ್ನ ಮಗೂಗೆ ಸೋಕ್ತಿರೋದು ಗಾಳಿ ಅಲ್ಲಮ್ಮ, ದಾರಿ ಬಿಡು ಅಂದಳಂತೆ. ಇಳಿದು, ತಿಪ್ಪಣ್ಣ ಪುಡಿ ಹಾಕದೆ ಬಿಟ್ಟಿದ್ದ ಒಂದು ಮಡಕೆ ಚೂರು ಎತ್ತಿ ನೋಡ್ತಾಳೆ, ಒಳಗೆ ಬೆರಳಗಲ ನೀರು, ನೀರಲ್ಲಿ ಕೂದಲಿನಂಥ ಹುಳ ಡೊಂಕುಡೊಂಕಾಗಿ ಕುಣೀತಿದಾವೆ. ಇವು ಯಾವು? ಅಂತ ಆ ನೀರನ್ನ ಒಂದು ಕುಡಿಕೆಗೆ ಸುರಿದು, ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿಟ್ಟಳಂತೆ. ಅದೇನು ಅಂತ ತಿಳಿಯೋವರೆಗೂ ಮಗೂಗೆ ತನ್ನ ಹಳೇ ಸೀರೇನ ತೊಟ್ಟಿಲ ಸುತ್ತ ಪರದೆ ಥರ ಇಳಿಬಿಟ್ಟಳು. ಕೆಲವು ದಿನ ಕಳೆದು ಒಂದು ಬೆಳಗ್ಗೆ ಕುಡಿಕೆ ಬಟ್ಟೆಗೆ ಒಳಗಿಂದ ಏನೋ ಬಡೀತಿತ್ತಂತೆ. ಅಣ್ಣಂದಿರನ್ನ ಕರೆದು ತೋರಿಸಿದಳು. ಒಳಗೆಲ್ಲ ಸೊಳ್ಳೆ!

ನಾವೇ ಸಾಕ್ತಿದೀವಲ್ಲೇ, ಅಂದನಂತೆ ದ್ಯಾವಣ್ಣ.

ಆಮೇಲೆ ಮೂರೂ ಜನ ಹಿತ್ತಲಿಗೆ ಬಿದ್ರಂತೆ. ವಿಷದ ನೀರನ್ನ ಬಾವಿಯಿಂದ ದೂರ, ದನ ಕರು ಹೋಗದ ಕಡೆ ಗುಂಡಿ ತೋಡಿ ಸುರಿದು, ಆ ಮಡಕೆಗಳನ್ನೂ ಒಡೆದು ಅಲ್ಲೇ ಹೂತ್ರು. ಮಿಕ್ಕ ಮಡಕೆನೆಲ್ಲ ಬೋರಲು ಹಾಕಿದ್ರು. ಕುಡಿಯೋ ನೀರಿನ ಗುಡಾಣಕ್ಕೆ ಬಟ್ಟೆ ಬಿಗಿದ್ರು. ದನದ ಬಾನಿ ವಾರವಾರ ಬರಿದು ಮಾಡಿ ಉಜ್ಜಿದ್ರು. ಆದರೆ ಮಣ್ಣು ಕಲೆಸೋ ತೊಟ್ಟಿ ಇತ್ತಲ್ಲ, ಅದನ್ನ ಖಾಲಿ ಮಾಡ್ತೀವಿ ಅಂದಾಗ ಕೆಂಚಮ್ಮ, ತೊಟ್ಟಿ ಒಣಗಿದ್ರೆ ಮಡಕೆ ಮಾಡೋ ತಿಗರಿ ನಿಲ್ಲುತ್ತೆ, ಏನು ತಿಂತೀರಿ? ಅಂತ ಕೂಗಾಡಿದಳಂತೆ. ಅದಕ್ಕೆ ತಿಪ್ಪಣ್ಣ ಕೆರೆಗೆ ಹೋಗಿ ಪಂಚೇಲಿ ಸಣ್ಣ ಸಣ್ಣ ಮೀನು ಹಿಡಿದು ತಂದು ತೊಟ್ಟಿಗೆ ಬಿಟ್ಟ. ಪುಡಿ ಬಿದ್ದಿರದ ನೀರು ಅದು. ಹುಳ ಕಂಡಿದ್ದೇ ಮೀನು ಲಬಕ್ ಲಬಕ್ ಅಂತ ನುಂಗಿದ್ವಂತೆ.

ಅಷ್ಟು ಮಾಡಿದ್ರೂ ಒಂದು ಸಂಜೆ ಮಗು ಮೈ ಕಾದುಬಿಟ್ಟಿತ್ತು. ಅಯ್ಯೋ, ತಡ ಆಯ್ತು ಅಂತ ಈರಕ್ಕ ಔಷಧಿ ಕೊಡೋ ಪಂಡಿತರಿಗೆ ಹೇಳಿ ಕಳಿಸಿದಳು. ಪಂಡಿತರು ಬಂದು ನಾಡಿ ಹಿಡಿದು, ಬೆಳಗಾಗೋವರೆಗೂ ಕಾದು ನೋಡ್ಬೇಕು ಅಂದ್ರಂತೆ. ಕೆಂಚಮ್ಮ ಒದ್ದೆ ಬಟ್ಟೇಲಿ ಮೈ ಒರೆಸ್ತಾನೇ ಇದ್ಲು. ಬೆಳಗಾಗೋ ಹೊತ್ತಿಗೆ ಮಗೂನ ನೆತ್ತಿ ಬೆವರಿತು, ಬಾಯಿ ಚಪ್ಪರಿಸಿ ಹಾಲು ಕೇಳ್ತು. ಕೆಂಚಮ್ಮ ಮಗಳನ್ನ ತಬ್ಕೊಂಡು, ನಿನ್ನ ತಡೆದು ನಿಂತ್ನಲ್ಲೇ ನಾನು ಅಂತ ಗಳಗಳ ಅತ್ತಳಂತೆ.

ನಾಮಕರಣಕ್ಕೆ ಕೇರಿ ಹೆಂಗಸರೆಲ್ಲ ಬಂದ್ರು. ಹೊತ್ತು ಇಳಿದ್ರೂ ಹಿತ್ತಲಲ್ಲೇ ಚಾಪೆ ಹಾಸಿ ಹಾಡು ಹೇಳಿದ್ರಂತೆ. ಎದುರು ಮನೆಯವಳು ಜ್ವರ ಬಿಟ್ಟ ತನ್ನ ಕೂಸನ್ನ ಕಂಕುಳಲ್ಲಿ ಹೊತ್ಕೊಂಡು ಬಂದು, ಹಾಡನ್ನ ನಡುವೆ ನಿಲ್ಲಿಸಿ, ಅಲ್ಲಾ ಕಣ್ರೇ, ಇಷ್ಟು ಹೊತ್ತಾಯ್ತು, ಸೊಳ್ಳೆ ಅಂತ ಒಬ್ಬರೂ ಕಾಲಿಗೆ ಹೊಡ್ಕೊಂಡಿಲ್ವಲ್ಲ! ಅಂದಳಂತೆ. ಈರಕ್ಕ ನಕ್ಕು, ನಾಳೆ ನಿಮ್ಮ ಹಿತ್ತಲಿಗೆ ಬರ್ತೀನಿ ಅಂದಳಂತೆ. ಅಲ್ಲಿಗೆ ಅವರೆಲ್ಲ ತಣ್ಣಗಾದ್ರು, ನನ್ನ ಕತೇನೂ ತೀರ್ತು. ಕಣ್ಣು ಮುಚ್ಚು ಕಂದ.