ಸಾಹೇಬರ ಪ್ರೊಸೆಸರ್ ಪರೀಕ್ಷೆ

ಜನನ ಪ್ರಮಾಣಪತ್ರದ ಕೌಂಟರಿನ ಕ್ಲಾರ್ಕಮ್ಮನಿಗೆ ಹನ್ನೆರಡು ವರ್ಷದಿಂದ ಒಂದೇ ಆಸೆ. ಹೊಸ ಕಂಪ್ಯೂಟರಿನ ಪರದೆಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಒಮ್ಮೆಯಾದರೂ ತಾನೇ ಬಿಡಿಸಬೇಕು. ಆದರೆ ಆ ಕಚೇರಿಯಲ್ಲಿ ಹೊಸದು ಬಂದರೆ ಕುಂಕುಮ ಹಚ್ಚಿಸಿಕೊಂಡು ನೇರವಾಗಿ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಅವರು ಬಿಟ್ಟದ್ದು ಕೌಂಟರಿಗೆ.

ಈ ಸಲವೂ ಒಂದು ಬಂತು. "ನನ್ನ ಹಳೇದರ ಪ್ರೊಸೆಸರು, ಇದರ ಪ್ರೊಸೆಸರು ಹೋಲಿಸಿ ಒಂದು ವರದಿ ಬರೀರಿ. ಹೊಸದು ನನಗೇ ಬೇಕು ಅಂತ ಮೇಲಿನವರಿಗೆ ಅನ್ನಿಸಬೇಕು" ಅಂದರು ಸಾಹೇಬರು.

ಅವಳು ಎರಡನ್ನೂ ಓಡಿಸಿ ನೋಡಿದಳು. ಪ್ಲಾಸ್ಟಿಕ್ ಮುಟ್ಟಲಿಲ್ಲ, ಅದು ಸಾಹೇಬರ ಹಕ್ಕು. ಆಮೇಲೆ ಬರೆದಳು: "ಕೌಂಟರಿನ ನೂರು ಪ್ರಮಾಣಪತ್ರಕ್ಕೆ ಹಳೇದರಲ್ಲಿ ಎರಡು ಗಂಟೆ, ಹೊಸದರಲ್ಲಿ ಇಪ್ಪತ್ತು ನಿಮಿಷ. ಸಾಹೇಬರ ಇಸ್ಪೀಟಾಟಕ್ಕೆ ಎರಡೂ ಒಂದೇ ವೇಗ."

"ಏನಮ್ಮ ಇದು? ಇಸ್ಪೀಟು ತೆಗೀರಿ!"

"ತೆಗೀತೀನಿ ಸಾರ್. ಅದರ ಬದಲು ನಿಮ್ಮ ಯಾವ ಕೆಲಸ ಬರೀಲಿ?"

ಸಾಹೇಬರು ಫ್ಯಾನು ನೋಡಿದರು, ಕಿಟಕಿ ನೋಡಿದರು. ಕೊನೆಗೆ, "ಕೌಂಟರಲ್ಲೇ ಇಟ್ಕೊಳ್ಳಿ" ಅಂದರು.

ಕ್ಲಾರ್ಕಮ್ಮ ಪ್ಲಾಸ್ಟಿಕ್ಕಿನ ತುದಿ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಬಿಡಿಸಿದಳು. ಕ್ಯೂನಲ್ಲಿದ್ದ ಜನ ಕಾದರು. ಹನ್ನೆರಡು ವರ್ಷದಲ್ಲಿ ಕಂಪ್ಯೂಟರಿನ ತಪ್ಪಿಲ್ಲದೆ ಅಲ್ಲಿ ತಡವಾದದ್ದು ಅದೊಂದೇ ಸಲ.