ಬೇರು ಮಾರುವವಳ ಮಾತು

“ಗುರುಗಳೇ, ತಪ್ಪೊಪ್ಪಿಕೊಂಡ ಮೇಲೂ ಸಿಟ್ಟು ಬಿಡದವರಿಗೆ ಏನೆನ್ನಬೇಕು?” ಶಿಷ್ಯ ಕೇಳಿದ. ಅವನು ಒಬ್ಬರಲ್ಲಿ ತಪ್ಪೊಪ್ಪಿಕೊಂಡು ಬಂದಿದ್ದ; ದನಿಯಲ್ಲಿ ಸಿಟ್ಟಿತ್ತು.

ಗುರು ಹೇಳಿದರು:

ಬೆಟ್ಟದ ಹೆಂಗಸೊಬ್ಬಳು ಲಾವಂಚದ ಬೇರು ಅಗೆದು, ಹೊರೆ ಕಟ್ಟಿ, ಪಟ್ಟಣದ ಒಬ್ಬ ವ್ಯಾಪಾರಿಗೆ ಮಾರುತ್ತಿದ್ದಳು. ಅವನು ಅದರಿಂದ ಸುಗಂಧದೆಣ್ಣೆ ತೆಗೆಯುತ್ತಿದ್ದ. ಹತ್ತು ವರ್ಷದ ವಹಿವಾಟು. ಒಂದು ದಿನ ಅವನು ಹೊಸ ಎಣ್ಣೆಯ ಒಂದು ಹನಿಯನ್ನು ಅವಳ ಅಂಗೈಗೆ ಹಾಕಿದ. ಅವಳು ಮೂಸಿದಳು. ಮುಖ ಅರಳಿತು.

“ಅಯ್ಯೋ ಸೆಟ್ಟರೇ, ನಿಮ್ಮ ಎಣ್ಣೆ ಎಷ್ಟು ನಾರುತ್ತದೆ!”

ಅಂಗಡಿಯಲ್ಲಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. ವ್ಯಾಪಾರಿ ಅವಳ ಹೊರೆಯನ್ನು ಬೀದಿಗೆ ಒದ್ದ. “ನಾರುವವಳು ನೀನು. ನಡೆ ಆಚೆ,” ಎಂದ.

ಅವಳು ಮಣ್ಣಾದ ಬೇರು ಆಯ್ದುಕೊಂಡು ಬೆಟ್ಟ ಹತ್ತಿದಳು. ತಾನು ಏನು ತಪ್ಪು ಆಡಿದೆನೆಂದು ಅವಳಿಗೆ ತಿಳಿಯಲಿಲ್ಲ. ಅವಳ ಊರಿನಲ್ಲಿ ತಾಯಂದಿರು ಹಸುಗೂಸಿನ ನೆತ್ತಿ ಮೂಸಿ, ‘ನಾರುತ್ತಾನೆ ನನ್ನ ಕಂದ’ ಎಂದು ಮುದ್ದಿಸುತ್ತಾರೆ. ಯೋಚಿಸಿದಷ್ಟೂ ಅವಳಿಗೆ ಸಿಟ್ಟು ಹೆಚ್ಚಿತು.

ಕೆಲವು ತಿಂಗಳ ಮೇಲೆ ಪಂಡಿತರೊಬ್ಬರು ಆ ಅಂಗಡಿಗೆ ಬಂದರು. ವ್ಯಾಪಾರಿ ಈ ಸಂಗತಿಯನ್ನು ತಮಾಷೆಯಾಗಿ ಹೇಳಿದ. ಪಂಡಿತರು ನಗಲಿಲ್ಲ. “ಹಳಗನ್ನಡದಲ್ಲಿ ನಾರುವುದೆಂದರೆ ವಾಸನೆ ಬೀರುವುದು, ಅಷ್ಟೇ. ಹೂವೂ ನಾರುತ್ತಿತ್ತು. ಆ ಮಾತಿಗೆ ಕೆಟ್ಟ ಅರ್ಥ ಅಂಟಿಸಿದವರು ನಾವು. ಬೆಟ್ಟದವರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ,” ಎಂದರು.

ವ್ಯಾಪಾರಿಗೆ ನಾಚಿಕೆಯಾಯಿತು. ಒಂದು ಸೀರೆ ಕೊಂಡು ಬೆಟ್ಟ ಹತ್ತಿ ಅವಳ ಮನೆ ಹುಡುಕಿದ.

“ತಪ್ಪಾಯಿತಮ್ಮ. ನಿನ್ನ ಮಾತು ಸರಿಯಾಗಿಯೇ ಇತ್ತಂತೆ. ಪಂಡಿತರು ಹೇಳಿದರು.”

“ಪಂಡಿತರು ಹೇಳಬೇಕಾಯಿತೇ?” ಎಂದಳು ಅವಳು. “ನಾನು ನಗುನಗುತ್ತಾ ಹೇಳಿದ್ದೆ. ನನ್ನ ಮುಖ ನಿಮಗೆ ಕಾಣಲಿಲ್ಲವೇ? ಪಂಡಿತರು ಮಾತು ತಪ್ಪು ಅಂದಿದ್ದರೆ, ನೀವು ಒದ್ದದ್ದು ಸರಿಯಾಗುತ್ತಿತ್ತೇ?”

ವ್ಯಾಪಾರಿ ಸೀರೆಯನ್ನು ಅವಳ ಮುಂದೆ ಚಾಚಿದ. ಅವಳು ಸೀರೆಯನ್ನು ಹೊಸಿಲಾಚೆ ಎಸೆದು ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ಅವನಿಗೆ ಒಂದು ಹಿಡಿ ಬೇರನ್ನೂ ಮಾರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಷ್ಟು ದೂರ ನಡೆದುಹೋಗಿ ತಪ್ಪಾಯಿತು ಅಂದನಲ್ಲ! ಅವಳಿಗೆ ಇನ್ನೇನು ಬೇಕಿತ್ತು?”

“ಅವನು ತಪ್ಪಾಯಿತು ಅಂದದ್ದು ಆ ಮಾತಿಗೆ; ಅವಳಿಗೆ ಯಾವಾಗ ಅಂದ?” ಎಂದರು ಗುರು.

ಶಿಷ್ಯ ತಲೆ ತಗ್ಗಿಸಿದ.